ಅರಗಿನ ಹಲ್ಲು

ಮಜೀದಾ ಸೋಪಿನ ನೀರಿನ ಬಟ್ಟಲಲ್ಲಿ ಪುಟ್ಟ ಹಲ್ಲುಚಕ್ರಗಳನ್ನು ತೊಳೆಯುತ್ತಿದ್ದಳು. ಹಳೇ ಬ್ರಷ್ಷಿನಿಂದ ಒಂದೊಂದು ಹಲ್ಲಿನ ಸಂದಿಯ ಗ್ರೀಸು ತೆಗೆದು, ಬಿಚ್ಚಿದ ಸಾಲು ತಪ್ಪದಂತೆ ಬಟ್ಟೆಯ ಮೇಲೆ ಇಡುತ್ತಿದ್ದಳು. ಮಾಡೆಲ್ ವಿಮಾನದ ರೆಕ್ಕೆ, ಬಾಲ ಆಡಿಸುವ ಬೆಂಕಿಪೊಟ್ಟಣದಷ್ಟು ಯಂತ್ರಕ್ಕೆ ಸರ್ವೋ ಅನ್ನುತ್ತಾರೆ. ಅದರ ಹೊಟ್ಟೆಯೊಳಗೆ ನಾಲ್ಕೈದು ಚಕ್ರ, ರಾಗಿಕಾಳಿಗಿಂತ ಸಣ್ಣ ಹಲ್ಲು. ನಲವತ್ತು ವರ್ಷ ಬೊಂಬೆ ಕಡೆದ ಕೈಗೆ ಇದೇನು ಮಹಾ ಎಂದು ಮೈದುನ ಹಬೀಬ್ ಚನ್ನಪಟ್ಟಣದ ತನ್ನ ಬೊಂಬೆ ಅಂಗಡಿಯಲ್ಲೇ ಅವಳಿಗೊಂದು ಮೇಜು ಹಾಕಿಕೊಟ್ಟಿದ್ದ.

ಲತಾಮಣಿ ಬಂದವಳು ಚಪ್ಪಲಿ ಬಿಡದೆ ಒಳಗೆ ನುಗ್ಗಿ, ಒಂದು ಸರ್ವೋವನ್ನು ಆ ಮೇಜಿನ ಮೇಲೆ ಎಸೆದಳು.

ನಾಲ್ಕು ತಿಂಗಳ ಹಿಂದೆ ಬೈರಮಂಗಲದ ಬಯಲಿನಲ್ಲಿ ಅವಳು ಹಾರಿಸುತ್ತಿದ್ದ ವಿಮಾನ ಮೂಗು ಮುಂದಾಗಿ ಬಿದ್ದು, ನೋಡುತ್ತ ನಿಂತಿದ್ದ ಬಾಲರಾಜುವಿನ ಕಾಲು ಮುರಿದಿತ್ತು. ಬಾಲದ ಸರ್ವೋ ಕಚ್ಚಿಕೊಂಡಿತು ಎಂದು ಅವಳು ಬಾಯಿ ಬಡಿದುಕೊಂಡಳು. ಕೈಯಲ್ಲಿ ಹಿಡಿತವಿಲ್ಲದವಳು ಎಂದು ಮಾಡೆಲ್ ವಿಮಾನ ಹಾರಿಸುವವರ ಸಂಘದ ಕಾರ್ಯದರ್ಶಿ ಮನೋಹರ್ ಸಾರಿದ. ಸರ್ವೋ ರಿಪೇರಿಯಾಗಿದ್ದು ಇದೇ ಅಂಗಡಿಯಲ್ಲಿ. ನಮ್ಮ ಕೆಲಸದಲ್ಲಿ ಎಳ್ಳಷ್ಟೂ ದೋಷವಿಲ್ಲ ಎಂದು ಹಬೀಬ್ ಸಂಘದವರ ಮುಂದೆ ನಿಂತು ಹೇಳಿ ಬಂದಿದ್ದ. ಬರುವ ಭಾನುವಾರದ ಸಭೆಯಲ್ಲಿ ಲತಾಮಣಿಯ ಹೆಸರನ್ನು ಸದಸ್ಯರ ಪಟ್ಟಿಯಿಂದ ಖಾಯಮ್ಮಾಗಿ ಹೊಡೆದುಹಾಕುವವರಿದ್ದರು.

"ಬಿದ್ದ ದಿನ ಎತ್ತಿಟ್ಕಂಡಿದ್ದನ್ನ ಸಂಘದೋರು ಇವತ್ತು ವಾಪಸ್ ಕೊಟ್ರು. ನನ್ ಮುಂದೇನೇ ಬಿಚ್ಚಿ," ಎಂದಳು.

ಮಜೀದಾ ನಾಲ್ಕು ತಿರುಪು ಬಿಚ್ಚಿದಳು. ಒಳಗೇನಿದೆ ಎಂದು ಅವಳಿಗೆ ಗೊತ್ತಿತ್ತು. ಮೂರನೇ ಚಕ್ರದ ಒಂದು ಹಲ್ಲು ಕೆಂಪಗಿತ್ತು, ಬೊಂಬೆಗೆ ಹಚ್ಚುವ ಅರಗಿನ ಕೆಂಪು. ಅದು ಕರಗಿ ಪಕ್ಕದ ಚಕ್ರಕ್ಕೂ ಮೆತ್ತಿ ಗಟ್ಟಿಯಾಗಿತ್ತು.

ರಿಪೇರಿಗೆ ಬಂದ ದಿನ ಬದಲಿ ಚಕ್ರ ಸಿಕ್ಕಿರಲಿಲ್ಲ. ಸವೆದ ಚಕ್ರಗಳ ನಡುವೆ ಹೊಸದೊಂದನ್ನೇ ಕೂರಿಸಿದರೆ ಹಳೆಯವು ಅದನ್ನು ತಿಂದುಹಾಕುತ್ತವೆ, ಪೂರ್ತಿ ಸೆಟ್ಟೇ ಹಾಕಬೇಕು ಎಂಬುದೂ ತಿಳಿದಿತ್ತು. ಮಾರನೆಯ ದಿನವೇ ಹಾರಿಸಬೇಕೆಂದು ಲತಾಮಣಿ ಅವಸರ ಮಾಡಿದ್ದಳು. ಬೊಂಬೆಯ ಮರದಲ್ಲಿ ಸೀಳು ಕಂಡರೆ ಅರಗು ಕರಗಿಸಿ ತುಂಬಿದ ಕೈ ಮುರಿದ ಹಲ್ಲಿಗೂ ಅರಗನ್ನೇ ತುಂಬಿತು. ಸಣ್ಣ ಅರದಲ್ಲಿ ಉಜ್ಜಿ ಹಲ್ಲಿನ ಆಕಾರ ಮಾಡಿತು. ಮೇಜಿನ ಮೇಲೆ ನೂರು ಸಲ ಆಡಿಸಿದರೂ ತಡವರಿಸಲಿಲ್ಲ. ಆದರೆ ಮೇಲೆ ಗಾಳಿಗೆ ಎದುರಾಗಿ ಬಾಲ ಹಿಡಿದಿಡುವಾಗ ಮೋಟಾರು ಬಿಸಿಯೇರುತ್ತದೆ, ಅರಗು ಕರಗುತ್ತದೆ. ಬೊಂಬೆಯೊಳಗೆ ಮೋಟಾರು ಎಲ್ಲಿರುತ್ತದೆ?

"ಹಬೀಬಣ್ಣನ ಕೆಲ್ಸ ತಾನೆ ಇದು?"

"ಅಲ್ಲ. ನಂದು. ವಿಮಾನ ಬಿತ್ತು ಅಂದಾಗ್ಲೇ ನಂಗೆ ಗೊತ್ತಾಯ್ತು."

ಲತಾಮಣಿ ಅವಳನ್ನೇ ದಿಟ್ಟಿಸಿದಳು. "ನಾಕ್ ತಿಂಗ್ಳು ಕಣಮ್ಮ. ಇವ್ಳ ಕೈಗೆ ಸೌಟೇ ಸರಿ ಅಂತ ಆಡ್ಕಂಡ್ ನಕ್ರು. ಗೊತ್ತಿದ್ದೂ ಕೂತಿದ್ರಲ್ಲ."

ಮಜೀದಾ ಬೀರುವಿನಿಂದ ಒಂದು ಲಕೋಟೆ ತಂದಳು. ವಿಮಾನ ಬಿದ್ದ ವಾರವೇ ಸಂಘಕ್ಕೆ ಬರೆದದ್ದು. ಅಂಚೆಗೆ ಹಾಕಬೇಡ ಎಂದು ಹಬೀಬ್ ತಡೆದಿದ್ದ. ಅವಳೂ ತಡೆಸಿಕೊಂಡಿದ್ದಳು.

ಲತಾಮಣಿ ಓದಿ ಕಾಗದವನ್ನು ಬೆರಳಿನಿಂದ ಕುಟ್ಟಿದಳು. "'ಅಂಗಡಿಯಲ್ಲಿ ತಪ್ಪಾಗಿದೆ.' ಆಗಿದೆ ಅಂದ್ರೆ? ಮಳೆ ಆದಂಗೆ ತಾನಾಗೇ ಆಗೋಯ್ತಾ?"

ನಾಲ್ಕು ತಿಂಗಳು ಆ ಪದದ ಹಿಂದೆ ಅಡಗಿ ಕೂತಿದ್ದು ಮಜೀದಾಳಿಗೆ ಅರಿವಾಯಿತು. ಅದನ್ನು ಹೊಡೆದುಹಾಕಿ 'ತಪ್ಪು ನಾನು ಮಾಡಿದೆ' ಎಂದು ಬರೆದಳು. ಹೇಗೆ ಮಾಡಿದಳೆಂದೂ ಬರೆದು ಸಹಿ ಹಾಕಿದಳು.

ಅಷ್ಟರಲ್ಲಿ ಹಿಂದಿನ ಕೋಣೆಯಿಂದ ಬಂದ ಹಬೀಬ್ ಕಾಗದ ನೋಡಿ ಕೆಂಡವಾದ. ಮನೆಮಾತಿನಲ್ಲೇ ಬೈದ. ಹೆಣ್ಣೊಬ್ಬಳ ಆಟದ ವಿಮಾನಕ್ಕೆ ಅಂಗಡಿಯ ಮಾನ ಹರಾಜು ಹಾಕುತ್ತೀಯಾ ಎಂದ. ಇದು ಹೋದರೆ ನಾಳೆಯಿಂದ ಈ ಮೇಜಿಗೆ ಕೂರಬೇಡ ಎಂದ. ಮಜೀದಾ ತನ್ನ ಅರ, ಚಿಮಟ, ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ಹಾಕಿಕೊಂಡು ಬುರ್ಖಾ ತೊಟ್ಟಳು.

ಲತಾಮಣಿಯೂ ಹಿಂದೆಯೇ ಹೊರಟಳು. ನೀನು ಮನೆಗೆ ಹೋಗು ತಾಯಿ, ನಾನೇ ಅಂಚೆಗೆ ಹಾಕುತ್ತೇನೆ ಎಂದು ಮಜೀದಾ ಹೇಳಿದರೂ ಕೇಳಲಿಲ್ಲ.

"ನಿಮ್ ಕೈಗೆ ಬುಟ್ರೆ ಇನ್ನೂ ನಾಕ್ ತಿಂಗ್ಳು ಬೀರುಲೇ ಇರ್ತದೆ."

ದಾರಿಯಲ್ಲಿ ಮಜೀದಾ ಎರಡು ಸಲ ಕ್ಷಮೆ ಕೇಳಿದಳು. ಲತಾಮಣಿ ಎರಡು ಸಲವೂ ಬಸ್ಸುಗಳ ಕಡೆ ನೋಡಿದಳು. ಅಂಚೆ ಕಚೇರಿಯ ಕಿಟಕಿಯಲ್ಲಿದ್ದ ಹುಡುಗಿ, ಕಳಿಸುವವರ ವಿಳಾಸವಿಲ್ಲ, ಬರೆಯಿರಿ ಎಂದಳು. ಅಂಗಡಿಯದೋ ಮನೆಯದೋ ಎಂದು ಮಜೀದಾ ಒಂದು ಗಳಿಗೆ ಪೆನ್ನು ಎತ್ತಿ ಹಿಡಿದಳು. ಕೊನೆಗೆ ಮನೆಯದನ್ನೇ ಬರೆದು ಸ್ಪೀಡ್ ಪೋಸ್ಟಿಗೆ ಕೊಟ್ಟಳು.

ಲಕೋಟೆ ಅಂಚೆ ಚೀಲದೊಳಗೆ ಬೀಳುವವರೆಗೂ ಲತಾಮಣಿ ಕಿಟಕಿ ಬಿಟ್ಟು ಕದಲಲಿಲ್ಲ.