ಅಡ್ಡ ತಗಡು

“ಈ ಗಾಳಿ ನಂದು ಮೇಡಂ,” ಎಂದು ಫಿಟ್ಟರು ನಕ್ಷೆಯ ಮೇಲೆ ಬೆರಳಿಟ್ಟರು. “ಇಲ್ಲಿಂದ ಹೊರಟು ಇಲ್ಲಿ ಎರಡು ಪಾಲಾಗುತ್ತಲ್ಲ, ಅದು ನಂದು.”

“ಗಾಳಿನೂ ನಿಮ್ಮದಾ?” ಪಕ್ಕದ ಕುರ್ಚಿಯಲ್ಲಿದ್ದ ಹೆಂಡತಿ ಮೆಲ್ಲಗೆ ತಿವಿದರು. “ನಾಳೆ ಬಿಸಿಲೂ ನಂದೇ ಅಂತೀರಿ. ತಗಡು ನಂದು ಅನ್ನಿ, ಸಾಕು.”

ಪೇಟೆಂಟ್ ಪರೀಕ್ಷಕಿ ನಗಲಿಲ್ಲ. ನಗಬೇಕಾದ ಮಾತು ಎಂದು ಗೊತ್ತಾಯಿತು, ಅಷ್ಟೇ. ಗಂಡ ತೀರಿಕೊಂಡ ಮೂರನೇ ವಾರಕ್ಕೇ ಅವಳು ಕೆಲಸಕ್ಕೆ ಬಂದಿದ್ದಳು. ಆಫೀಸಿನವರೆಲ್ಲ ಗಟ್ಟಿಗಿತ್ತಿ ಅಂದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದ ದವಡೆ ಇರುತ್ತದಲ್ಲ, ಹಾಗಿದ್ದಳು. ತನ್ನದೇ, ಆದರೆ ಮುಟ್ಟಿದರೆ ಯಾರದೋ. ಊಟದ ಹೊತ್ತಿಗೆ ಡಬ್ಬಿ ತೆರೆಯುತ್ತಿದ್ದಳು, ಫೈಲು ಬಂದರೆ ಫೈಲು ತೆರೆಯುತ್ತಿದ್ದಳು.

ಈ ಫೈಲಿನಲ್ಲಿದ್ದದ್ದು ಸರಳವಾದ ಸಂಗತಿ. ಮುದ್ರಣ ಯಂತ್ರದ ಬಿಸಿ ರೋಲರಿನಿಂದ ಹೊರಬಂದ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ತಣ್ಣಗಾಗಲಿ ಎಂದು ಜೋರಾಗಿ ಗಾಳಿ ಬಿಟ್ಟರೆ ಹಾರಿಹೋಗುತ್ತವೆ. ಫಿಟ್ಟರು ಫ್ಯಾನಿನ ಬಾಯಿಗೆ ಬಾಗಿದ ತಗಡೊಂದನ್ನು ಅಡ್ಡ ಕೊಟ್ಟು, ಅರ್ಧ ಗಾಳಿಯನ್ನು ಹಾಳೆಯ ಮೇಲಕ್ಕೂ ಅರ್ಧವನ್ನು ಅಡಿಗೂ ಕಳಿಸಿದ್ದರು. ಇನ್ನು ಹಾಳೆ ಹಾರುವುದೂ ಇಲ್ಲ, ಅಂಟುವುದೂ ಇಲ್ಲ.

“ಬುದ್ಧಿವಂತಿಕೆಯ ಕೆಲಸ,” ಎಂದಳು ಪರೀಕ್ಷಕಿ. ವರದಿಯಲ್ಲೂ ಹಾಗೇ ಬರೆದಿದ್ದಳು.

ಫಿಟ್ಟರ ಬೆನ್ನು ನೆಟ್ಟಗಾಯಿತು. “ನಮ್ಮ ಮ್ಯಾನೇಜರು ಏನಂದ್ರು ಗೊತ್ತಾ? ತಗಡು ಬಗ್ಗಿಸಿದ್ದಕ್ಕೆಲ್ಲ ಪೇಟೆಂಟ್ ಕೊಟ್ರೆ ಡಬ್ಬಿ ಮಾಡೋನಿಗೂ ಕೊಡಬೇಕು ಅಂದ್ರು. ಮೂವತ್ತೊಂದು ವರ್ಷ ಬೇರೆಯವರ ಹೆಸರು ಕೆತ್ತಿದ ಮೆಷಿನ್ನು ಒರೆಸಿದ್ದೀನಿ ಮೇಡಂ. ಒಂದು ಕಾಗದದ ಮೇಲಾದರೂ ನನ್ನ ಹೆಸರು ಬರಲಿ ಅಂತ.”

“ಆದರೆ ಇದು ಹೊಸತಲ್ಲ. ನೀವು ಅರ್ಜಿ ಹಾಕೋಕೆ ಎರಡು ವರ್ಷ ಮೊದಲೇ ಅಚ್ಚಾಗಿದೆ.”

“ಯಾರು? ಯಾವನು ಅಚ್ಚು ಹಾಕಿಸಿದ್ದು?”

ಪರೀಕ್ಷಕಿ ಫೈಲಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ತಳ್ಳಿದಳು. ಯಾವುದೋ ಗ್ರಂಥಾಲಯದವರು ಹಳೆಯ ಪತ್ರಿಕೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದ್ದರು, ಅಲ್ಲಿ ಸಿಕ್ಕಿತ್ತು. ಅವಳು ನೋಡುವುದು ಎರಡೇ: ಚಿತ್ರ ಮತ್ತು ತಾರೀಕು. ಚಿತ್ರದಲ್ಲಿ ಯಾರೋ ಯಂತ್ರದ ಪಕ್ಕ ನಿಂತಿದ್ದರು, ತಗಡು ಸ್ಪಷ್ಟವಾಗಿತ್ತು, ತಾರೀಕೂ ಇತ್ತು. ಬರಹ ಯಾರದು, ಏನು ಬರೆದಿದ್ದಾರೆ ಎಂದು ಓದುವ ಅಭ್ಯಾಸ ಈ ಕೆಲಸದಲ್ಲಿ ಯಾರಿಗೂ ಇಲ್ಲ.

ಫಿಟ್ಟರು ಹಾಳೆಯನ್ನು ಕಣ್ಣಿಂದ ದೂರ ಹಿಡಿದರು. “ಇದು ನಾನೇ ಅಲ್ವಾ? ಇದು ನಮ್ಮ ಪ್ರೆಸ್ಸಿನ ನೌಕರರ ಪತ್ರಿಕೆ.” ಆಮೇಲೆ ದನಿ ಇಳಿಸಿ, “ನಾನು ಯಾರಿಗೂ ಕೊಟ್ಟಿಲ್ಲ ಮೇಡಂ. ಆಣೆ ಮಾಡಿ ಹೇಳ್ತೀನಿ.”

ಹೆಂಡತಿಯ ಮಡಿಲಲ್ಲಿದ್ದ ಚೀಲದ ಜಿಪ್ಪು ಅರ್ಧಕ್ಕೆ ನಿಂತಿತು.

“ನಾನು ಕೊಟ್ಟೆ,” ಎಂದರು ಆಕೆ. ಅದೇ ಪ್ರೆಸ್ಸಿನ ಬೈಂಡಿಂಗ್ ವಿಭಾಗದಲ್ಲಿ ಇಪ್ಪತ್ತು ವರ್ಷ ಹಾಳೆ ಮಡಿಸಿದವರು. “ನೀವು ರಿಟೈರ್ ಆಗೋ ತಿಂಗಳು. ಎಲ್ಲರೂ ಒಂದೊಂದು ಬರೀರಿ ಅಂದ್ರು. ಬರೆದೆ.”

“ನನಗೆ ಹೇಳೋದಲ್ವಾ?”

“ನೀವಾಗೇ ಓದ್ತೀರಿ ಅಂತ ಟೇಬಲ್ ಮೇಲಿಟ್ಟೆ. ನೀವು ಅದರಲ್ಲಿ ಸ್ಪ್ಯಾನರ್ ಸುತ್ತಿಟ್ರಿ.”

ಹೊರಗೆ ಕಾರಿಡಾರಿನಲ್ಲಿ ಯಾರೋ ಟ್ರಾಲಿ ತಳ್ಳಿಕೊಂಡು ಹೋದರು.

“ಮನೆಯವರೇ ಬರೆದಿದ್ದು ಅಂದ್ರೂ ಆಗಲ್ವಾ ಮೇಡಂ?” ಆಕೆ ಕೇಳಿದರು. “ನಾನೇನು ಹೊರಗಿನವಳಾ? ತಪ್ಪಾಯ್ತು ಅಂತ ಬರೆದುಕೊಡ್ತೀನಿ.”

“ಯಾರು ಬರೆದರೂ ಅಷ್ಟೇ. ಅರ್ಜಿಗೆ ಮೊದಲು ಊರಿಗೆ ಗೊತ್ತಾಗಿಬಿಟ್ಟಿತಲ್ಲ. ಇಲ್ಲಿಗೆ ಮುಗಿಯಿತು.” ಪರೀಕ್ಷಕಿಯ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರು ತನಗೆ ಹೇಳಿದ್ದೂ ಇದೇ ದನಿಯಲ್ಲಿ. ಆತನ ಕಿಸೆಯಲ್ಲಿದ್ದ ನೀಲಿ ಪೆನ್ನು ನೆನಪಿದೆ, ಮುಖ ನೆನಪಿಲ್ಲ.

ಹೆಂಡತಿ ಕಣ್ಣೊರೆಸಲಿಲ್ಲ. ಚೀಲವನ್ನೇ ನೋಡುತ್ತ ಕೂತರು. ಫಿಟ್ಟರು ಕಿಸೆ ತಡಕಿದರು, ಶರ್ಟು ತಡಕಿದರು.

“ಕನ್ನಡಕ ಮನೇಲೇ ಉಳೀತು. ಏನು ಬರೆದಿದ್ದೀಯೇ, ಓದು.”

“ನಾನು ಓದಲ್ಲ.”

“ಹಾಳುಮಾಡಿದ್ದು ನೀನು, ಓದೋದಕ್ಕೆ ಏನು ಕಷ್ಟ?”

“ಸುಮ್ನಿರ್ರೀ.”

ಫಿಟ್ಟರು ಹಾಳೆಯನ್ನು ಪರೀಕ್ಷಕಿಯ ಕಡೆಗೆ ತಿರುಗಿಸಿದರು. “ನೀವೇ ಓದಿ ತಾಯಿ. ಇದಕ್ಕೋಸ್ಕರ ಹೋಯ್ತು ಅಂದ್ಮೇಲೆ, ಏನಿದೆ ಅಂತಾದ್ರೂ ತಿಳೀಲಿ.”

ವಿಚಾರಣೆಯ ಸಮಯದಲ್ಲಿ ಇನ್ನೂ ಹತ್ತು ನಿಮಿಷ ಉಳಿದಿತ್ತು. ಅವಳು ನೋಟಿಸು ಓದುವ ಹಾಗೆಯೇ ಓದತೊಡಗಿದಳು. ಮೊದಲು ಯಂತ್ರದ ಮಾತು, ಫ್ಯಾನಿನ ಮಾತು, ತಗಡನ್ನು ಹಳೆಯ ಬೋರ್ಡೊಂದರಿಂದ ಕತ್ತರಿಸಿದ ಮಾತು. ಆಮೇಲೆ ಇಷ್ಟು:

“ತಗಡು ಹಾಕುವ ಮೊದಲು ಅಂಟಿದ ಹಾಳೆಗಳನ್ನು ದಿನವಿಡೀ ಇವರೇ ಬಿಡಿಸಬೇಕಿತ್ತು. ಸಂಜೆ ಗೇಟಿನ ಹತ್ತಿರ ನಾನು ಕಾಯುತ್ತಿದ್ದೆ. ಬಂದವರೇ ಕಾದ ಅಂಗೈಯನ್ನು ನನ್ನ ಕೆನ್ನೆಗೆ ಒತ್ತಿ, ‘ಹೇಳು, ಇವತ್ತು ಎಷ್ಟು ಡಿಗ್ರಿ?’ ಎನ್ನುತ್ತಿದ್ದರು. ಈಗ ಕೈ ತಣ್ಣಗಿರುತ್ತದೆ. ಆದರೂ ಕೇಳುತ್ತಾರೆ. ನಾನೂ ಹೇಳುತ್ತೇನೆ.”

ಫಿಟ್ಟರು ಕೆಮ್ಮಿದರು. “ಇದನ್ನೆಲ್ಲ ಅಚ್ಚು ಹಾಕಿಸ್ತಾರೇನೇ,” ಎಂದರು ಹೆಂಡತಿಗೆ, ಆದರೆ ಅವರ ಕಡೆ ನೋಡಲಿಲ್ಲ.

ಪರೀಕ್ಷಕಿ ಹಾಳೆಯನ್ನು ಕೆಳಗಿಡಲಿಲ್ಲ. “ಆದರೂ ಕೇಳುತ್ತಾರೆ,” ಎಂದು, ಯಾರೂ ಕೇಳದಿದ್ದರೂ, ಇನ್ನೊಮ್ಮೆ ಓದಿದಳು. “ನಾನೂ ಹೇಳುತ್ತೇನೆ.”

ಆಮೇಲೆ ಮುಂದೆ ಇದೆಯೇನೋ ಎಂಬಂತೆ ಹಾಳೆಯನ್ನು ಮಗುಚಿದಳು. ಹಿಂಬದಿಯಲ್ಲಿ ಏನೂ ಇರಲಿಲ್ಲ. ಆ ಬಿಳಿಯನ್ನೇ ಅವಳು ಎರಡೂ ಕೈಯಲ್ಲಿ ಹಿಡಿದು ನೋಡುತ್ತ ಕೂತಳು.