ಅದೇ ಸಭೆಯಲ್ಲಿ

"ಬಾಗಿಲು ಹಾಕಬೇಡಿ, ಒಂದು ನಿಮಿಷ," ಎನ್ನುತ್ತ ನಬೀಹಾ ವ್ಯಾನಿನ ಹಿಂದೆ ಓಡಿದಳು. ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ಅವಳ ಬಾಪನ ಮಯ್ಯತ್ತನ್ನು, ತಂದೆಯ ಶವವನ್ನು, ಆಗಷ್ಟೇ ವ್ಯಾನಿಗೆ ಏರಿಸಿದ್ದರು. ಇಳಿಹೊತ್ತಿನ ಅಸರ್ ನಮಾಜಿಗೆ ಮೊದಲು ಮಸೀದಿ ಮುಟ್ಟಬೇಕು. ಸೌದಿಯ ಜುಬೈಲಿನಲ್ಲಿ ಅದು ಕಂಪೆನಿ ಬಸ್ಸುಗಳೆಲ್ಲ ರಸ್ತೆಗಿಳಿಯುವ ಹೊತ್ತು, ಡ್ರೈವರ್ "ಯಲ್ಲಾ, ಯಲ್ಲಾ" ಎಂದು ಅವಸರ ಮಾಡುತ್ತಿದ್ದ.

ಅವಳಿಗೆ ಬೇಕಾಗಿದ್ದವನು ಹಮ್ಮಾದ್. ಕರಾವಳಿಯ ಊರಿನವರ ಸಂಘದ ಅಧ್ಯಕ್ಷ, ಈಗ ಸ್ವಂತ ಕಂಟ್ರಾಕ್ಟ್ ಕೆಲಸ. ಜುಬೈಲಿನದೇ ಇಂಡಿಯನ್ ಶಾಲೆಯಲ್ಲಿ ಅವಳ ಬಾಪ ಮಹಮ್ಮದ್ ಕುಂಞಿ ಮಾಸ್ಟ್ರ ಹತ್ತಿರ ಚರಿತ್ರೆ ಕಲಿತವನು. ಅತ್ತು ಅತ್ತು ಅವನ ಕಣ್ಣು ಕೆಂಪಾಗಿತ್ತು.

"ಹಮ್ಮಾದಾಕ, ದಫನ್ ಆದ ಮೇಲೆ ನೀವು ಮಾತಾಡ್ತೀರಲ್ಲ?"

"ಹೌದು. ಸಾರ್ ಕಡೆಯಿಂದ ಏನಾದ್ರೂ ತಪ್ಪಾಗಿದ್ರೆ ಮಾಫ್ ಮಾಡಿ ಅಂತ ಎಲ್ಲರ ಹತ್ರ ಕೇಳ್ಬೇಕಲ್ಲ."

"ಆ ತಪ್ಪು ಯಾವುದು ಅಂತ ಬಾಪನೇ ಹೇಳಿ ಹೋಗಿದ್ದಾರೆ. ಆ ನಾವಿಕನ ಕಾಗದ ಇಲ್ಲ, ಯಾವತ್ತೂ ಇರ್ಲಿಲ್ಲ, ನಾನು ಕಲಿಸಿದ್ದು ಸುಳ್ಳು ಅಂತ. ಅಷ್ಟು ಹೇಳಿ ಸಾಕು."

ಹಮ್ಮಾದ್ ನೆಲ ನೋಡಿದ. "ಇವತ್ತಾ, ನಬೀಹಾ?"

"ಇವತ್ತೇ. ಇನ್ನು ಯಾವಾಗ ಎಲ್ಲರೂ ಸೇರುದು?"

"ನೋಡುವ," ಎಂದು ಅವನು ವ್ಯಾನು ಹತ್ತಿದ. ಊರಿನವರು 'ನೋಡುವ' ಎಂದರೆ ಅದು ಆಗುವ ಮಾತಲ್ಲ ಎಂದು ಅವಳಿಗೆ ಗೊತ್ತಿತ್ತು. ಹೆಂಗಸರು ಖಬರಸ್ತಾನಕ್ಕೆ ಹೋಗುವ ಕ್ರಮವಿಲ್ಲ, ಅವಳು ಟ್ಯಾಕ್ಸಿ ಹಿಡಿದು ಮನೆಗೆ ಬಂದಳು.

*

ಮಾಸ್ಟ್ರು ಆ ಕತೆಯನ್ನು ಪ್ರತಿ ವರ್ಷವೂ ಹೇಳುತ್ತಿದ್ದರು. ಒಂಬೈನೂರು ವರ್ಷಗಳ ಹಿಂದೆ ಮಂಗಳೂರಿನಲ್ಲಿ ಒಬ್ಬ ಯಹೂದಿ ವ್ಯಾಪಾರಿ ಇದ್ದ. ಅವನ ಕಾಗದಪತ್ರಗಳು ಈಜಿಪ್ಟಿನಲ್ಲಿ, ಯಹೂದಿಗಳ ಪ್ರಾರ್ಥನಾ ಮಂದಿರದ ಒಂದು ಕೋಣೆಯಲ್ಲಿ ಸಿಕ್ಕವು. ಇಷ್ಟು ನಿಜ. ಅದರಲ್ಲಿ ಒಂದು ಕಾಗದ ನಮ್ಮ ಬ್ಯಾರಿ ನಾವಿಕನೊಬ್ಬನ ಬಗ್ಗೆ, ಅದರಲ್ಲಿ ಆ ವ್ಯಾಪಾರಿ ಹೀಗೆ ಬರೆದಿದ್ದಾನೆ, ಎಂದು ಮಾಸ್ಟ್ರು ಬೋರ್ಡಿನ ಮೇಲೆ ದೊಡ್ಡಕ್ಷರದಲ್ಲಿ ಬರೆಯುತ್ತಿದ್ದರು: ಈತನ ಮಾತಿದ್ದರೆ ಸಾಕ್ಷಿ ಬೇಡ.

ಕರಾವಳಿಯ ಮಕ್ಕಳು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದದ್ದು ಆಗ. ಅಲ್ಲಿಯವರೆಗೆ ಅವರಿಗೆ ತಮ್ಮದೆಂದು ಒಂದು ಚರಿತ್ರೆ ಇದೆಯೆಂದೇ ಗೊತ್ತಿರಲಿಲ್ಲ. ಆ ಮಕ್ಕಳು ದೊಡ್ಡವರಾಗಿ ಸಂಘ ಕಟ್ಟಿದರು. ಸಂಘದ ಬ್ಯಾನರಿನ ಮೇಲೆ, ಕ್ರಿಕೆಟ್ ಜೆರ್ಸಿಯ ಬೆನ್ನ ಮೇಲೆ ಅದೇ ಸಾಲು. ಯಹೂದಿಗಳ ವಿಷಯ ಎತ್ತಿದ್ದಕ್ಕೆ ಮಾಸ್ಟ್ರಿಗೆ 'ಯಹೂದಿ ಮಾಸ್ಟ್ರು' ಎಂದು ಅಡ್ಡಹೆಸರೂ ಬಿತ್ತು, ಅದಕ್ಕೆ ಅವರು ನಗುತ್ತಿದ್ದರು.

ನಿವೃತ್ತಿಯಾಗಿ ಊರಿಗೆ ಹೋದ ಮೇಲೆ ಅದನ್ನೊಂದು ಪುಸ್ತಕ ಮಾಡುವ ಎಂದು ಕುಳಿತರು. ಅಚ್ಚಾಗಿದ್ದ ಕಾಗದಗಳನ್ನೆಲ್ಲ ತರಿಸಿ ಓದಿದರು. ಆ ಸಾಲು ಎಲ್ಲಿಯೂ ಇರಲಿಲ್ಲ, ನಾವಿಕನೂ ಇರಲಿಲ್ಲ. ಪ್ರಾಯದಲ್ಲಿ ಓದಿದ್ದೇನೋ, ಬಯಸಿದ್ದೇನೋ ತಲೆಯಲ್ಲಿ ಒಂದಾಗಿ, ಹೇಳಿ ಹೇಳಿ ಗಟ್ಟಿಯಾಗಿತ್ತು.

ಮಗಳ ಮನೆಗೆಂದು ವಿಸಿಟ್ ವೀಸಾದಲ್ಲಿ ಜುಬೈಲಿಗೆ ಬಂದಾಗ ಅವರು ಅರ್ಧ ಸೊರಗಿದ್ದರು. ಒಂದು ಸಂಜೆ ಮಸೀದಿಯ ಹತ್ತಿರ ಅಲ್ಲಾಹನ ಹೆಸರಿದ್ದ ಕಾಗದಗಳಿಗೆಂದು ಇಟ್ಟಿದ್ದ ಡಬ್ಬಿಗೆ ಹಳೆಯ ಅರಬಿ ಪೇಪರು ಹಾಕಿ, ಅಲ್ಲೇ ಕಟ್ಟೆಯ ಮೇಲೆ ಕುಳಿತರು.

"ಯಹೂದಿಗಳೂ ಹೀಗೇ ಮಗಳೇ. ದೇವರ ಹೆಸರಿದ್ದ ಕಾಗದ ಬಿಸಾಡುದಿಲ್ಲ. ಕೋಣೆಯಲ್ಲಿ ಹಾಕಿಡ್ತಾರೆ, ಇಲ್ಲವಾದ್ರೆ ಮಣ್ಣು ಮಾಡ್ತಾರೆ, ಮನುಷ್ಯರನ್ನು ಮಾಡಿದ ಹಾಗೇ. ಅದಕ್ಕೇ ಇಷ್ಟೆಲ್ಲ ಉಳಿದದ್ದು. ಅವರು ಅಷ್ಟು ಜೋಪಾನ ಮಾಡಿದ್ದರೊಳಗೆ ನಾನು ನನ್ನದೊಂದು ಸೇರಿಸಿಬಿಟ್ಟೆ."

"ಬೇಕಂತ ಮಾಡಿದ್ದಲ್ಲವಲ್ಲ ಬಾಪ."

"ಕಲಿತ ಮಕ್ಕಳಿಗೆ ಅದರಿಂದ ಎಂತ ವ್ಯತ್ಯಾಸ? ಯಹೂದಿಗಳ ಹಳೆಯ ಗುರುಗಳಲ್ಲಿ ಒಬ್ಬರ ಬಗ್ಗೆ ಓದಿದ್ದೇನೆ. ತಪ್ಪು ಕಲಿಸಿದ್ದು ಗೊತ್ತಾದಾಗ ಕಲಿಸಿದ ಸಭೆಯಲ್ಲೇ ಅದನ್ನು ಸಾರಿ ಹೇಳಿಸಿದರಂತೆ. ನಿನಗೆ ಹೇಳಿದರೆ, ಉಮ್ಮನಿಗೆ ಹೇಳಿದರೆ ಆಗುದಿಲ್ಲ. ಅದೇ ಸಭೆ ಬೇಕು. ನಾನು ಕಲಿಸಿದ ಮಕ್ಕಳೆಲ್ಲ ಇನ್ನು ಒಟ್ಟಿಗೆ ಸೇರುದು ನನ್ನನ್ನು ಮಣ್ಣು ಮಾಡ್ಲಿಕ್ಕೆ. ಅವತ್ತು ನೀನು ಹೇಳಿಸ್ತೀಯಾ?"

ಅವಳು ಹೇಳಿಸುತ್ತೇನೆ ಎಂದಳು.

*

ಮನೆ ತುಂಬ ಹೆಂಗಸರು. ಉಮ್ಮ ಬೀಫಾತುಮ್ಮ ಗೋಡೆಗೊರಗಿ ಕುಳಿತಿದ್ದರು. ಪಕ್ಕದಲ್ಲಿ ವಾರಿಜಾಕ್ಷಿ ಟೀಚರ್. ಉಡುಪಿಯ ಕಡೆಯವರು, ಅದೇ ಶಾಲೆಯಲ್ಲಿ ಈಗಲೂ ಲೆಕ್ಕ ಕಲಿಸುವವರು.

ನಬೀಹಾಳ ಗಂಡ ಸುಹೈಲ್ ಖಬರಸ್ತಾನದಿಂದ ಫೋನು ಮಾಡಿದ. ಅವಳು ಅದನ್ನು ಸ್ಪೀಕರಿಗೆ ಹಾಕಿದಳು. "ಎಲ್ಲ ಮುಗೀತು. ತುಂಬ ಜನ. ಅಷ್ಟು ದೂರದ ಅಲ್ ಖರ್ಜ್‌ನಿಂದ ಸಹ ಬಂದಿದ್ದಾರೆ."

"ಹಮ್ಮಾದಾಕ ಹೇಳಿದ್ರಾ?"

"ಗೇಟಿನ ಹೊರಗೆ ಮಾತಾಡಿದ್ರು. ಮಾಫ್ ಮಾಡಿ ಅಂತ ಕೇಳಿದ್ರು. ಆಮೇಲೆ... ಆ ನಾವಿಕನ ಕತೆ ಹೇಳಿದ್ರು. ಆ ಸಾಲು ಎಲ್ಲರೂ ಒಟ್ಟಿಗೆ ಹೇಳಿದ್ರು ಮಾರಾಯ್ತಿ. ಅಳದವರು ಯಾರೂ ಇಲ್ಲ."

ನಬೀಹಾಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ನಾಚಿಕೆಯಾಯಿತು. ಬಾಪ ಕೇಳಿದ್ದು ಒಂದೇ ಒಂದು ಕೆಲಸ.

"ಇಲ್ಲಿಗೆ ಬಂದ ಹೊಸತರಲ್ಲಿ ಸಂಘದ ಫಂಕ್ಷನ್ನಿನಲ್ಲಿ ಅವರೇ ಹೇಳ್ಲಿಕ್ಕೆ ಹೋಗಿದ್ರು," ಎಂದರು ವಾರಿಜಾಕ್ಷಿ ಟೀಚರ್. "ನಾನು ಎದುರಲ್ಲೇ ಕೂತಿದ್ದೆ. 'ನಾನು ಕಲಿಸಿದ್ದು ತಪ್ಪು' ಅಂದದ್ದಷ್ಟೆ, ಸಾರ್‌ಗೆ ಆಯಾಸ ಆಗಿದೆ ಅಂತ ಸಂಘದವರು ಮೈಕ್ ತಗೊಂಡು ಶಾಲು ಹೊದೆಸಿದ್ರು. ಅವರು ಆ ಶಾಲು ಹೊದ್ದುಕೊಂಡೇ ಸುಮ್ಮನೆ ಕೂತಿದ್ರು, ಪಾಪ. ನಾನಾದರೂ ಎದ್ದು ಹೇಳ್ಬೇಕಿತ್ತು."

"ಬಿಡು ಮಗಳೇ," ಎಂದರು ಬೀಫಾತುಮ್ಮ. "ಕಾಗದ ಇದ್ರೆಂತ, ಇಲ್ಲದಿದ್ರೆಂತ. ಬಾಡಿಗೆ ಮನೆಯಲ್ಲೇ ಜೀವ ತೇದವರು ಅವರು. ಇವತ್ತು ಒಂದು ದಿನ ದೊಡ್ಡ ಮನುಷ್ಯ ಆಗಿರ್ಲಿ."

"ಉಮ್ಮ, ಅವರಿಗೆ ಅದು ಬೇಡ ಇತ್ತು."

"ನನಗೆ ಬೇಕು," ಎಂದರು ಉಮ್ಮ.

ನಬೀಹಾ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಪನ ಹಳೆಯ ವಿದ್ಯಾರ್ಥಿಗಳ ವಾಟ್ಸ್ಯಾಪ್ ಗ್ರೂಪಿನಲ್ಲಿ ಎಲ್ಲರೂ ಇದ್ದರು, ಇವತ್ತು ಬಂದವರು, ಬರಲಾಗದವರು. ಇದೂ ಅದೇ ಸಭೆ. ಅವಳು ಮೈಕ್ ಒತ್ತಿ ಹಿಡಿದು ಮಾತಾಡಿದಳು.

"ನಾನು ಮಾಸ್ಟ್ರ ಮಗಳು ನಬೀಹಾ. ಇದು ಬಾಪ ಹೇಳ್ಲಿಕ್ಕೆ ಹೇಳಿದ್ದು. ಯಹೂದಿ ವ್ಯಾಪಾರಿ ನಮ್ಮ ನಾವಿಕನ ಬಗ್ಗೆ ಬರೆದ ಕಾಗದ ಇಲ್ಲ. ಆ ಸಾಲನ್ನು ಯಾರೂ ಬರೆದಿಲ್ಲ. ಬಾಪ ಎಲ್ಲ ಹುಡುಕಿ ನೋಡಿದ್ದಾರೆ. ನಾನು ಕಲಿಸಿದ್ದು ತಪ್ಪು, ನಿಮ್ಮ ಮಕ್ಕಳಿಗೆ ಅದನ್ನು ಹೇಳಬೇಡಿ ಅಂತ ಹೇಳಿದ್ದಾರೆ. ಇಷ್ಟೇ."

ಕಳಿಸಿದಳು. ಎದೆ ಹಗುರಾಯಿತು. ಗ್ರೂಪಿನಲ್ಲಿ ಉತ್ತರಗಳು ಒಂದೊಂದಾಗಿ ಬಂದವು.

'ಎಂಥ ವಿನಯ.'

'ಇಂಥ ಗುರು ಇನ್ನು ಹುಟ್ಟುದಿಲ್ಲ. ಹೋಗುವಾಗ ಸಹ ಹೆಸರು ಬೇಡ ಅಂದ್ರು.'

'ಕೇಳಿ ಅಳು ಬಂತು. ಮಕ್ಕಳಿಗೂ ಕೇಳಿಸಿದೆ.'

ಹಮ್ಮಾದ್‌ನದು ವಾಯ್ಸ್ ಮೆಸೇಜು. "ಏಳನೇ ಕ್ಲಾಸಲ್ಲಿ ನಾನು ಶಾಲೆ ಬಿಡುವವನಿದ್ದೆ. ಆ ಸಾಲೇ ನನ್ನನ್ನು ನಿಲ್ಲಿಸಿದ್ದು. ಸಾರ್ ಎಷ್ಟು ದೊಡ್ಡವರು ನೋಡಿ, ಅದನ್ನೂ ನನ್ನದಲ್ಲ ಅಂದುಬಿಟ್ರು. ಈ ಮಾತನ್ನೂ ನಾವು ಸಂಘದ ಪುಸ್ತಕದಲ್ಲಿ ಸೇರಿಸುವ."

ಅವಳು 'ಅಲ್ಲ, ನಿಜವಾಗಿ' ಎಂದು ಬರೆಯತೊಡಗಿ ಬಿಟ್ಟಳು. ಅದನ್ನೂ ವಿನಯವೆಂದೇ ತೆಗೆದುಕೊಳ್ಳುತ್ತಾರೆ. ಇನ್ನು ಯಾವ ಸಭೆಗೆ ಹೇಳುವುದು? ಸ್ಟೌವಿನ ಮೇಲೆ ಯಾರೋ ಇಟ್ಟಿದ್ದ ಚಹಾ ಉಕ್ಕಿ ಆರಿತ್ತು.

ಸುಹೈಲ್ ಗ್ರೂಪಿಗೆ ಖಬರಿನ ಫೋಟೊ ಹಾಕಿದ್ದ. ಮಣ್ಣಿನ ದಿಬ್ಬ, ತಲೆಯ ಕಡೆ ಒಂದು ಕಲ್ಲು. ಇಲ್ಲಿ ಖಬರಿನ ಮೇಲೆ ಹೆಸರು ಬರೆಯುವುದಿಲ್ಲ. ಬರೀ ಕಲ್ಲು, ಅಕ್ಕಪಕ್ಕದಲ್ಲಿ ಅಂಥವೇ ಇನ್ನಷ್ಟು. ನಬೀಹಾ ಆ ಫೋಟೊವನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಹೊರಗೆ ಬಂದು ಉಮ್ಮನ ಕೈಗೆ ಫೋನು ಕೊಟ್ಟಳು.

ಬೀಫಾತುಮ್ಮ ಕನ್ನಡಕ ಸರಿಮಾಡಿಕೊಂಡು ನೋಡುತ್ತಿದ್ದಂತೆ ಫೋನು ಮತ್ತೊಮ್ಮೆ ಗುಂಯ್ ಎಂದಿತು. ಯಾರೋ ಅದೇ ಫೋಟೊವನ್ನು ತಿದ್ದಿ ಕಳಿಸಿದ್ದರು. ಬರಿದಾದ ಆ ಕಲ್ಲಿನ ಮೇಲೆ ಈಗ ಬಂಗಾರದ ಬಣ್ಣದ ಅಕ್ಷರಗಳಿದ್ದವು.

"ಈತನ ಮಾತಿದ್ದರೆ," ಎಂದು ಉಮ್ಮ ಬೆರಳಿಟ್ಟು ಓದಿದರು, "ಸಾಕ್ಷಿ ಬೇಡ." ಅವರ ಮುಖ ಅರಳಿತು. ಫೋನನ್ನು ವಾರಿಜಾಕ್ಷಿ ಟೀಚರ ಕಡೆ ತಿರುಗಿಸಿದರು. "ನೋಡಿ ಟೀಚರ್, ಕಲ್ಲಿನಲ್ಲೇ ಬರೆಸಿದ್ದಾರೆ."