ಕೊನೆಯವಳು ಬರುವವರೆಗೆ

“ಕಾಲು ಕಡೆಯವರು ಎತ್ತಿ, ತಲೆ ಕಡೆಯವರು ಇಳಿಸಿ! ಎತ್ತಿ ಅಂದ್ರೆ ಎತ್ರೋ!”

ಮೂರನೇ ಮಹಡಿಯ ತಿರುವಿನಲ್ಲಿ ಪೆಟ್ಟಿಗೆ ಸಿಕ್ಕಿಕೊಂಡಿತ್ತು. ಹೊತ್ತ ನಾಲ್ವರೂ ಗೋಡೆಗೆ ಬೆನ್ನು ಆನಿಸಿ ಏದುಸಿರು ಬಿಡುತ್ತಿದ್ದರು. ಪೆಟ್ಟಿಗೆಯೊಳಗೆ ಮಲಗಿದ್ದವಳ ಕೈಕೆಳಗೆ ಒಂದು ಕಾಲಕ್ಕೆ ಜಿಂಕೆಗಳ ಹಾಗೆ ಓಡಿದವರು ಇವರೇ ಎಂದರೆ ನಂಬುವುದು ಕಷ್ಟ.

“ಲಿಫ್ಟ್ ಇತ್ತಲ್ಲಪ್ಪ” ಎಂದ ಹೊತ್ತವರಲ್ಲೊಬ್ಬ, ಬ್ಯಾಂಕಿನವನು.

“ಲಿಫ್ಟಲ್ಲಿ ಪೆಟ್ಟಿಗೆ ಹಿಡಿಸಲ್ಲ. ಹಿಡಿಸಿದ್ರೂ ಟೀಚರ್ ಬರಲ್ಲ” ಎಂದ ಇನ್ನೊಬ್ಬ, ಬೇಕರಿಯವನು. “ಮೂವತ್ತು ವರ್ಷ ಈ ಮನೇಲಿದ್ರು, ಒಂದು ದಿನ ಅದರ ಗುಂಡಿ ಒತ್ತಿಲ್ಲ. ಈಗ ನಾವು ಒತ್ತಿದ್ರೆ ಎದ್ದು ಕೂತ್ಕೊಂಡು ಬೈತಾರೆ.”

ನಗಬಾರದ ಹೊತ್ತಿನಲ್ಲಿ ನಾಲ್ವರಿಗೂ ನಗು ಬಂತು. ನಗು ಬಂದದ್ದೇ ತಡ, ಹಿಡಿತ ಸಡಿಲಾಗಿ ಪೆಟ್ಟಿಗೆ ಒಂದು ಮೆಟ್ಟಿಲು ಜಾರಿತು.

ಟೀಚರ್ ಮಗಳು ನಗಲಿಲ್ಲ. ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗುವುದು ಅವಳ ಕೆಲಸ. ಯಾವುದನ್ನು ಹೇಗೆ ಎತ್ತಿದರೆ ಭಾರ ಎಲ್ಲಿ ಬೀಳುತ್ತದೆಂದು ಕಣ್ಣಳತೆಯಲ್ಲೇ ತಿಳಿಯುತ್ತದೆ. ಮೇಲಿನ ಮೆಟ್ಟಿಲಿನಿಂದ ಇಳಿದು ಬಂದು, ಕಂಬಿಗೂ ಪೆಟ್ಟಿಗೆಗೂ ನಡುವೆ ನುಸುಳಿ, ಭುಜ ಕೊಟ್ಟಳು. ಪೆಟ್ಟಿಗೆ ತಿರುವು ದಾಟಿತು.

“ಡುಮ್ಮೀ, ಮೊದಲೇ ಬರಬಾರದಿತ್ತಾ ನೀನು?” ಬೇಕರಿಯವನು ತೋಳಿನಿಂದ ಮುಖ ಒರೆಸಿಕೊಂಡ. ಒಂದನೇ ಕ್ಲಾಸಿನಿಂದ ಜೊತೆಗೆ ಓದಿದವನು. ಆಗ ಅವನಿಗೆ ಮಿಡತೆ ಎಂದು ಹೆಸರಿತ್ತು. ಈಗ ಮಿಡತೆಗೆ ಹಿಟ್ಟಿನ ಮೂಟೆಯಂಥ ಹೊಟ್ಟೆ.

“ಹಾಗೆ ಕರೀಬೇಡ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ?” ಎಂದಳು ನಲವತ್ತೆರಡರ ಡುಮ್ಮಿ.

ಕೆಳಗೆ, ವ್ಯಾನಿನ ಪಕ್ಕ, ಚಿಕ್ಕಮ್ಮ ಅವಳ ಮೊಣಕೈ ಹಿಡಿದು ಬದಿಗೆ ಎಳೆದಳು.

“ಹೆಡ್‌ಮಾಸ್ಟ್ರು ಬಂದಿದಾರೆ. ಆ ಕಾಗದಾನೂ ತಂದಿದಾರಂತೆ.”

“ಇವತ್ತೇನಾ?”

“ಈ ತಿಂಗಳು ಕಳೆದ್ರೆ ಬಂದ ಅನುದಾನ ವಾಪಸ್ ಹೋಗುತ್ತಂತೆ. ಅವರ ಕಷ್ಟ ಅವರಿಗೆ. ಸಹಿ ಹಾಕಿ ಕೈ ತೊಳ್ಕೋ ಪುಟ್ಟಿ. ನಿಮ್ಮಮ್ಮ ಊರನ್ನೆಲ್ಲ ಎದುರು ಹಾಕ್ಕೊಂಡು ಕೂತಳು. ಹೋಗ್ತಾ ಹೋಗ್ತಾ ಅದನ್ನ ನಿನ್ನ ತಲೆಗೆ ಕಟ್ಟೋದು ಯಾವ ನ್ಯಾಯ?”

ಶಾಲೆಯ ಮೈದಾನದಲ್ಲಿ ಮೂರು ಮಹಡಿಯ ಕಟ್ಟಡ ಎಬ್ಬಿಸಲು ಮಂಜೂರಾತಿ ಸಿಕ್ಕಿ ಎರಡು ವರ್ಷವಾಗಿತ್ತು. ಎರಡು ವರ್ಷವೂ ಅಲ್ಲಿ ಒಂದು ಇಟ್ಟಿಗೆ ಏಳದಂತೆ ತಡೆದದ್ದು ಒಂದೇ ತಕರಾರು ಅರ್ಜಿ, ಅದರ ಕೆಳಗೆ ಒಂದೇ ಸಹಿ. ನಿವೃತ್ತಿಯಾಗಿ ಒಂಬತ್ತು ವರ್ಷ ಕಳೆದರೂ ದಿನಾ ಬೆಳಿಗ್ಗೆ ಹೋಗಿ ಮಕ್ಕಳನ್ನು ಓಡಿಸಿ ಬರುತ್ತಿದ್ದ ಪಿ.ಟಿ. ಟೀಚರ್ ಸಹಿ. ಈಗ ಅರ್ಜಿದಾರಳೇ ಇಲ್ಲ. ಅರ್ಜಿ ಮುಂದುವರಿಸುವುದೋ ವಾಪಸು ಪಡೆಯುವುದೋ ಮಗಳಿಗೆ ಬಿಟ್ಟದ್ದು.

“ಹಾಕ್ತೀನಿ ಚಿಕ್ಕಮ್ಮ” ಎಂದಳು.

ಮನಸ್ಸಿನಲ್ಲಿದ್ದದ್ದೇ ಬಾಯಿಗೆ ಬಂದಿತ್ತು. ಆ ಮೈದಾನಕ್ಕೂ ಅವಳಿಗೂ ಅಷ್ಟಕ್ಕಷ್ಟೆ. ಐದು ವರ್ಷ, ದಿನಾ, ಎಲ್ಲರಿಗಿಂತ ಹಿಂದೆ ಓಡಿದ ನೆಲ ಅದು. ಕೊನೆಯವರು ಬರುವವರೆಗೆ ಓಟ ಮುಗಿಯುವುದಿಲ್ಲ ಎಂಬುದು ಅಮ್ಮನ ಕಟ್ಟಪ್ಪಣೆ. ಮೊದಲು ಗೆರೆ ಮುಟ್ಟಿದವರು ಕೂರುವಂತಿಲ್ಲ. ತಿರುಗಿ ಹೋಗಿ ಕೊನೆಯವರ ಜೊತೆ ಇನ್ನೊಮ್ಮೆ ಓಡಿ ಬರಬೇಕು. ಹಾಗಾಗಿ ಅವಳು ಗೆರೆ ಮುಟ್ಟುವಾಗ ಸುತ್ತ ಇಡೀ ಕ್ಲಾಸು ಇರುತ್ತಿತ್ತು, ಸೋತವಳ ಮೆರವಣಿಗೆ ಹೊರಡಿಸಿದ ಹಾಗೆ. ಬಿಟ್ಟುಬಿಡಮ್ಮಾ ಎಂದು ಒಮ್ಮೆ ಅಂಗಲಾಚಿದ್ದಳು. “ಇಲ್ಲಿ ನಾನು ನಿನ್ನ ಅಮ್ಮ ಅಲ್ಲ. ಓಡು” ಎಂದಿದ್ದಳು ಅಮ್ಮ.

*

ಅವಳು ಮೂರನೇ ಕ್ಲಾಸಿನಲ್ಲಿದ್ದಾಗ ಶಾಲೆಗೆ ತೂಕದ ಯಂತ್ರ ಬಂತು. ಅದರ ಹಿಂದೆಯೇ ಮೇಲಿನ ಕಚೇರಿಯ ಅಧಿಕಾರಿಯೊಬ್ಬರು ಬಂದರು. ಮಕ್ಕಳನ್ನೆಲ್ಲ ಮೈದಾನದಲ್ಲಿ ನಿಲ್ಲಿಸಿ, ಗೋಡೆಗೆ ದೊಡ್ಡ ಹಲಗೆ ಒರಗಿಸಿದರು. ಸರಿಯಾದ ತೂಕದವರ ಹೆಸರು ಬಿಳಿಯಲ್ಲಿ, ತೀರಾ ಸಣ್ಣಗಿರುವವರದ್ದೂ ದಪ್ಪಗಿರುವವರದ್ದೂ ಕೆಂಪಿನಲ್ಲಿ.

ಅವಳು ಬೆಳಗಿನಿಂದ ಗುಟುಕು ನೀರು ಕುಡಿದಿರಲಿಲ್ಲ. ಜೇಬಿನಲ್ಲಿದ್ದ ಗೋಲಿಗಳನ್ನೂ ಗೆಳತಿಗೆ ಕೊಟ್ಟುಬಿಟ್ಟಿದ್ದಳು.

“ಇದೇನು ಸರ್?” ಅಮ್ಮ ಬಂದು ಕೇಳಿದಳು.

“ವರ್ಷಪೂರ್ತಿ ಗೋಡೆ ಮೇಲಿರುತ್ತೆ. ದಿನಾ ನೋಡ್ತಾರೆ, ನಾಚಿಕೆ ಆಗುತ್ತೆ, ತಾವಾಗೇ ಸರಿಹೋಗ್ತಾರೆ.”

“ಒಳ್ಳೇದು. ಹಾಗಾದ್ರೆ ಮೊದಲು ದೊಡ್ಡವರು. ಹತ್ತಿ.”

ಅಧಿಕಾರಿ ನಕ್ಕರು. ಅಮ್ಮ ನಗಲಿಲ್ಲ. ಮಕ್ಕಳ ಕಡೆ ತಿರುಗಿ, “ಸಾಹೇಬರು ಹೇಗೆ ಹತ್ತಬೇಕು ಅಂತ ತೋರಿಸ್ಕೊಡ್ತಾರೆ. ಎಲ್ಲಿ, ಜೋರಾಗಿ ಚಪ್ಪಾಳೆ!” ಎಂದಳು.

ಇನ್ನೂರು ಮಕ್ಕಳು ಚಪ್ಪಾಳೆ ತಟ್ಟಿದರೆ ಯಾವ ಸಾಹೇಬನಾದರೂ ಹತ್ತಲೇಬೇಕು. ಹತ್ತಿದರು. ಮುಳ್ಳು ಒಂದು ಸುತ್ತು ಹೊಡೆದು ನಡುಗುತ್ತ ನಿಂತಿತು. ಅಮ್ಮ ಅಂಕಿಯನ್ನು ಮೈದಾನದ ಆ ತುದಿಗೆ ಕೇಳುವಂತೆ ಓದಿ, ಕೆಂಪು ಬಳಪ ತೆಗೆದು, ಹಲಗೆಯ ಮೇಲೆ ಮೊಟ್ಟಮೊದಲ ಹೆಸರಾಗಿ ಅವರದ್ದನ್ನೇ ಬರೆದಳು.

ಎರಡನೆಯ ಹೆಸರು ಯಾರದೂ ಬರಲಿಲ್ಲ. ಯಂತ್ರ ಬಂದ ದಾರಿಯಲ್ಲೇ ಹೋಯಿತು. ವಾರದೊಳಗೆ ಅಮ್ಮನಿಗೆ ನೋಟೀಸು ಬಂತು. ಅದರ ಹಿಂಬದಿಯಲ್ಲಿ ಅವಳು ಆಟದ ತಂಡಗಳ ಪಟ್ಟಿ ಬರೆದಳು.

ಯಂತ್ರ ಹೋದ ದಿನ ಸಂಜೆಯೂ ಮಗಳನ್ನು ಓಡಿಸಿದಳು. ಮಗಳು ಅಂದೂ ಕೊನೆ.

*

ಸ್ಮಶಾನದ ಗೇಟಿನಿಂದ ಗುಂಡಿಯವರೆಗೆ ದೂರ ಬಹಳವಿತ್ತು. ಹೆಗಲು ಬದಲಾಯಿಸಿ ಹಿಂದೆ ಸರಿದ ಬೇಕರಿಯವನು ಅವಳ ಪಕ್ಕಕ್ಕೆ ಬಂದ.

“ನಿಜ ಹೇಳ್ತೀನಿ, ಆಗ ನಿನ್ನ ಕಂಡ್ರೆ ಮೈಯೆಲ್ಲ ಉರೀತಿತ್ತು ನಂಗೆ. ನಿನ್ನಿಂದ ಎರಡೆರಡು ಸಲ ಓಡ್ಬೇಕಲ್ಲ ಅಂತ.”

“ಗೊತ್ತಿತ್ತು ಬಿಡು. ಎಲ್ಲರಿಗೂ ಉರೀತಿತ್ತು.”

“ಅದು ಮೊದಲನೇ ವರ್ಷ. ಆಮೇಲೆ ನಿನಗೋಸ್ಕರ ಜಗಳಾನೇ ಆಗ್ತಿತ್ತು.”

“ಏನು ಜಗಳ?”

“ವಾಪಸ್ ಬಂದು ನಿನ್ನ ಪಕ್ಕ ಯಾರು ಓಡೋದು ಅಂತ. ನೀನು ಓಡ್ತಾ ಟೀಚರನ್ನ ಬೈತಿದ್ಯಲ್ಲ, ಸಣ್ಣ ದನೀಲಿ, ಹೆಜ್ಜೆಗೊಂದು. ‘ರಾಕ್ಷಸಿ, ಕತ್ತೆ, ಬಿಳೀ ಶೂ ಹಾಕ್ಕೊಂಡಿರೋ ದೆವ್ವ.’ ಅದನ್ನ ಕೇಳ್ಬೇಕು ಅಂತಲೇ ನಾನು ಅಷ್ಟು ಜೋರಾಗಿ ಓಡಿ ಗೆರೆ ಮುಟ್ತಿದ್ದದ್ದು. ಮೊದಲು ಮುಟ್ಟಿದವನಿಗೆ ನಿನ್ನ ಬಲಗಡೆ ಜಾಗ.”

ಅವಳು ನಿಂತುಬಿಟ್ಟಳು. “ಅಮ್ಮಂಗೆ ಗೊತ್ತಿತ್ತಾ?”

“ಗೊತ್ತಿಲ್ದೆ ಏನು! ದಿನಾ ಕರೆದು ಕೇಳೋರು, ‘ಇವತ್ತು ಏನಂದ್ಲೋ?’ ಹೇಳ್ತಿದ್ದೆ. ಬೇಲಿ ಕಡೆ ಮುಖ ಮಾಡಿ ನಿಂತ್ಕೊಂಡು ನಗೋರು.”

ಅವಳೂ ಮುಖ ಆಚೆ ತಿರುಗಿಸಿ ನಿಂತಳು. ಬೇಕರಿಯವನು ಅವಸರವಿಲ್ಲದೆ ಅವಳ ಬಲಗಡೆಯೇ ನಿಂತು ಕಾದ.

ಗುಂಡಿಯ ಬಳಿ ಶಾಲೆಯ ನಾಲ್ಕನೇ ಕ್ಲಾಸಿನ ಮಕ್ಕಳನ್ನು ಕರೆತಂದಿದ್ದರು. ಹೆಡ್‌ಮಾಸ್ಟರು ಕೈಯೆತ್ತಿದರು. “ಎರಡು ನಿಮಿಷ ಮೌನ. ಮಕ್ಕಳೇ, ಸಾಲಾಗಿ ನಿಲ್ಲಿ.”

ಸಾಲಾಗಿ ಎಂದದ್ದೇ ತಪ್ಪಾಯಿತು. ಶಾಲೆಯಲ್ಲಿ ಮಕ್ಕಳು ಜಾಸ್ತಿ, ಚೆಂಡು ಎರಡೇ. ಮೈದಾನದಲ್ಲಿ ಸರದಿಗಾಗಿ ಕಾಯುವುದೇ ಹೆಚ್ಚು. ಕಾಯುವವರ ಕಾಲು ನಿಲ್ಲಬಾರದು, ನಿಂತರೆ ಸಾಲಿನ ಹಿಂದಕ್ಕೆ ಎಂದು ಟೀಚರ್ ಕಲಿಸಿದ್ದಳು. ನಲವತ್ತು ಮಕ್ಕಳು ತಲೆ ತಗ್ಗಿಸಿ, ಕಣ್ಣು ಮುಚ್ಚಿ, ತುಟಿ ಬಿಗಿದು, ನಿಂತಲ್ಲೇ ಓಡತೊಡಗಿದರು. ತಪ್ ತಪ್ ತಪ್ ತಪ್.

“ಏಯ್! ನಿಲ್ಸಿ! ಮೌನ ಅಂದೆ!”

“ಮಾತಾಡ್ತಿಲ್ಲ ಸರ್” ಎಂದಳು ಮುಂದಿನ ಹುಡುಗಿ, ಕಾಲು ನಿಲ್ಲಿಸದೆ. “ಸಾಲಲ್ಲಿದೀವಿ.”

ಮೊಣಕಾಲೆತ್ತರಕ್ಕೆ ಧೂಳು ಎದ್ದಿತು. ಗುಂಡಿ ತೋಡಿದವನು ಹಗ್ಗ ಹಿಡಿದು, ಇಳಿಸುವುದೋ ನಿಲ್ಲಿಸುವುದೋ ತಿಳಿಯದೆ ಎಲ್ಲರ ಮುಖ ನೋಡಿದ. ಹೆಡ್‌ಮಾಸ್ಟರು ತಾಳು ಎಂದು ಸನ್ನೆ ಮಾಡಿದರು.

“ಇಳಿಸಿ” ಎಂದಳು ಮಗಳು. “ಹೀಗೇ ಇಳಿಸಿ.”

*

ಎಲ್ಲ ಮುಗಿದ ಮೇಲೆ ಹೆಡ್‌ಮಾಸ್ಟರು ಗೇಟಿನ ನೆರಳಿನಲ್ಲಿ ಫೈಲು ಬಿಚ್ಚಿದರು. ಮೇಲೆ ವಾಪಸಾತಿಯ ಕಾಗದ, ಕೆಳಗೆ ಕಟ್ಟಡದ ಬಣ್ಣದ ಚಿತ್ರ. ಚಿಕ್ಕಮ್ಮ ಕತ್ತು ಚಾಚಿದಳು. ಬೇಕರಿಯವನು ದೂರದಲ್ಲಿ ಶೂ ಕೊಡವುತ್ತಿದ್ದ.

“ನಿಮ್ಮ ತಾಯಿ ಹೆಸರೇ ಇಡೋಣ ಅಂತ ಕಮಿಟಿ ಒಪ್ಪಿದೆ. ನೋಡಿ, ಬಾಗಿಲ ಮೇಲೇ.”

ಬಾಗಿಲ ಮೇಲೆ ಅಮ್ಮನ ಹೆಸರು ದೊಡ್ಡದಾಗಿತ್ತು. ಚಿತ್ರ ಬರೆದವನು ಕಿಟಕಿಗಳಲ್ಲಿ ಮಕ್ಕಳನ್ನೂ ಬರೆದಿದ್ದ. ಅವಳು ಒಂದೊಂದೇ ಕಿಟಕಿ ನೋಡಿದಳು. ಎಲ್ಲ ಮಕ್ಕಳೂ ಕೂತಿದ್ದರು.

“ಇವರು ಓಡೋದು ಎಲ್ಲಿ ಸರ್?”

“ಅದಕ್ಕೂ ವ್ಯವಸ್ಥೆ ಇದೆ. ಮೂರನೇ ಮಹಡಿಯಲ್ಲಿ ಓಡೋ ಯಂತ್ರ. ನಾಲ್ಕು.”

“ಮಕ್ಕಳು?”

“ಮುನ್ನೂರ ಹತ್ತು. ವಾರಕ್ಕೊಂದು ಸಲ ಸರದಿ ಬರುತ್ತೆ.”

“ಹಿಂದೆ ಉಳಿದವರನ್ನ ಕರ್ಕೊಂಡ್ ಬರೋಕೆ ಹೋಗೋದು ಹೇಗೆ?”

ಹೆಡ್‌ಮಾಸ್ಟರಿಗೆ ಅರ್ಥವಾಗಲಿಲ್ಲ. “ಯಂತ್ರದಲ್ಲಿ ಯಾರೂ ಹಿಂದೆ ಉಳಿಯಲ್ಲಮ್ಮ. ಇದ್ದಲ್ಲೇ ಇರ್ತಾರೆ. ಅದೇ ಅನುಕೂಲ” ಎಂದು ಪೆನ್ನು ಕೊಟ್ಟರು. “ಇಲ್ಲೊಂದು ಸಹಿ.”

“ಹಾಕಲ್ಲ.”

“ಬೆಳಿಗ್ಗೆ ಹಾಕ್ತೀನಿ ಅಂದ್ಯಲ್ಲೇ!” ಎಂದಳು ಚಿಕ್ಕಮ್ಮ.

“ಅಂದಿದ್ದೆ. ಈಗ ಹಾಕಲ್ಲ. ಅರ್ಜಿ ನನ್ನ ಹೆಸರಲ್ಲಿ ಮುಂದುವರಿಯುತ್ತೆ ಸರ್. ನಾಳೆ ನಾನೇ ಆಫೀಸಿಗೆ ಹೋಗಿ ಬರ್ಕೊಡ್ತೀನಿ.”

“ಯೋಚನೆ ಮಾಡಿ. ದುಃಖದಲ್ಲಿದೀರಿ. ಬಾಗಿಲ ಪಕ್ಕ ಒಂದು ಪ್ರತಿಮೆ ನಿಲ್ಸೋಣ, ನಾನೇ ಮುಂದೆ ನಿಂತು ಮಾಡಿಸ್ತೀನಿ” ಎಂದರು ಹೆಡ್‌ಮಾಸ್ಟರು, ಉಳಿದಿದ್ದ ಒಂದೇ ದಾಳ ಉರುಳಿಸುವವರ ಹಾಗೆ. “ಅಮೃತಶಿಲೆಯದ್ದು. ಓಡ್ತಿರೋ ಭಂಗಿಯಲ್ಲೇ. ಏನಂತೀರಿ?”

ಅವಳು ಪೆನ್ನಿನ ಮುಚ್ಚಳ ಹಾಕಿ, ಅದನ್ನು ತಾನೇ ಅವರ ಜೇಬಿಗೆ ಸಿಕ್ಕಿಸಿದಳು.

“ಬೇಡ.”